ಸಂಕರ್ಷಣ ಖಾಲಿ ಬಿಡುತ್ತಿದ್ದ ಸಾಲು

“ಒಂದು ಸಾಲಾದರೂ ನಿಜ ಇರಬೇಕು” ಅಂದಿದ್ದನೋ, “ಒಂದು ಸಾಲು ನಿಜ ಇದ್ದರೆ ಸಾಕು” ಅಂದಿದ್ದನೋ — ಇಲ್ಲಿಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ನೆನಪು ಮಾಡಿಕೊಳ್ಳುತ್ತಿದ್ದೆ. ಕೇಳುವುದಕ್ಕೆ ಎರಡೂ ಒಂದೇ ಥರ. ಆದರೆ ಮೊದಲನೆಯದು ಹಟ ಹಿಡಿದವನ ಮಾತು, ಎರಡನೆಯದು ಒಪ್ಪಿಕೊಂಡುಬಿಟ್ಟವನ ಮಾತು. ಯಾವುದು ಅವನದು ಎಂದು ಗೊತ್ತಾಗದೆಯೇ ಈ ಮೈಕಿನ ಮುಂದೆ ಬಂದು ನಿಂತಿದ್ದೇನೆ.

ಕ್ಷಮಿಸಿ. ಮೊದಲು ನಮಸ್ಕಾರ ಹೇಳಬೇಕಿತ್ತು.

ಸಂಕರ್ಷಣನ ಪತ್ನಿ ವಿಭಾ ಅವರಿಗೆ, ಮುಳಬಾಗಿಲಿನಿಂದ ಬಂದಿರುವ ಅವರ ಮನೆಯವರಿಗೆ, ಮಾಲೂರು ಶ್ರೀನಿವಾಸಪುರಗಳಿಂದ ಬಂದಿರುವ ಪತ್ರಕರ್ತ ಮಿತ್ರರಿಗೆ, ಕೋಲಾರದ ಹಿರಿಯರಿಗೆ, ಎರಡನೆಯ ಸಾಲಿನಲ್ಲಿ ಕೂತಿರುವ ನಮ್ಮ ಸಂಸ್ಥೆಯ ವಂಶಿಕೃಷ್ಣ ಅವರಿಗೆ, ಬಾಗಿಲ ಹತ್ತಿರ ನಿಂತೇ ಇರುವ ಮುನಿಗಂಗಮ್ಮನವರಿಗೆ — ಅಮ್ಮಾ, ಬನ್ನಿ, ಈ ಕಡೆ ಕುರ್ಚಿ ಇದೆ, ಕೂತ್ಕೊಳ್ಳಿ — ಎಲ್ಲರಿಗೂ ನಮಸ್ಕಾರ. ನಾನು ಚನ್ನರಾಯಪ್ಪ, ಬೈರಕೂರಿನವನು. ಇಲ್ಲಿ ಫೋಟೋದಲ್ಲಿರುವ ಸಂಕರ್ಷಣ ಮತ್ತು ನಾನು ಹದಿನೈದು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಬರೆದವರು. ಹೋದ ಗುರುವಾರ ಬೆಳಿಗ್ಗೆ ಎದೆನೋವು ಎಂದನಂತೆ. ಆಟೋ ಬರುವುದರೊಳಗೆ ಮುಗಿದುಹೋಯಿತು. ಐವತ್ತೊಂದು ವರ್ಷ. ಸಭೆಯಲ್ಲಿ ಏಕವಚನ ಬಳಸಬಾರದು, ಗೊತ್ತು. ಬಹುವಚನ ಹಾಕಿದರೆ ಬೇರೆ ಯಾರ ಬಗ್ಗೆಯೋ ಮಾತಾಡುತ್ತಿದ್ದೇನೆ ಅನ್ನಿಸುತ್ತದೆ. ವಿಭಾ ಅವರು ಒಪ್ಪಿದರೆ ಹೀಗೇ ಮುಂದುವರಿಸುತ್ತೇನೆ.

ಇಲ್ಲಿರುವ ಹಳಬರಿಗೆ ಗೊತ್ತಿರುವ ಒಂದು ಸಂಗತಿಯನ್ನು ಹೊಸಬರಿಗೆ ಹೇಳಬೇಕು. ತೊಂಬತ್ತಮೂರರಲ್ಲಿ ನಾವು ಪತ್ರಿಕೆಯ ವರದಿಗಾರರಾಗಿ ಕೆಲಸ ಶುರು ಮಾಡಿದಾಗ ಸುದ್ದಿ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕಾರ್ಯಕ್ರಮ ಇರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಬೆಂಗಳೂರಿಗೆ ಕವರು ಒಯ್ಯುವ ಬಸ್ಸು ಎರಡಕ್ಕೇ ಹೊರಡುತ್ತಿತ್ತು. ಹಾಗಾಗಿ ನಡೆಯದ ಕಾರ್ಯಕ್ರಮದ ವರದಿಯನ್ನು ಬೆಳಿಗ್ಗೆಯೇ ಬರೆದು ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. “ಉದ್ಘಾಟಿಸಿ ಮಾತನಾಡಿದರು”, “ಕರೆ ನೀಡಿದರು”, “ಸಭಿಕರು ಹರ್ಷ ವ್ಯಕ್ತಪಡಿಸಿದರು” — ಎಲ್ಲ ಆಗಿಹೋದ ಹಾಗೆ. ಅದನ್ನು ಸುಳ್ಳು ಎಂದು ನಾವು ಯಾರೂ ಅಂದುಕೊಂಡಿರಲಿಲ್ಲ. ಬಸ್ಸಿನ ಸಮಯ ಹಾಗಿತ್ತು, ಅಷ್ಟೆ.

ಸಂಕರ್ಷಣನೂ ಬರೆಯುತ್ತಿದ್ದ. ಆದರೆ ಕೊನೆಯ ಪ್ಯಾರಾಕ್ಕೆ ಮುಂಚೆ ಒಂದು ಸಾಲಿನ ಜಾಗ ಖಾಲಿ ಬಿಡುತ್ತಿದ್ದ. ಅಲ್ಲಿ ಪೆನ್ಸಿಲ್ಲಿನಲ್ಲಿ “ಫೋನ್” ಎಂದು ಬರೆದಿರುತ್ತಿತ್ತು. ಕವರು ಕಳಿಸಿದ ಮೇಲೆ ನಾನು ಊಟಕ್ಕೆ ಹೋಗುತ್ತಿದ್ದೆ. ಅವನು ಕಾರ್ಯಕ್ರಮಕ್ಕೆ ಹೋಗುತ್ತಿದ್ದ. ವರದಿ ಆಗಲೇ ಹೊಸಕೋಟೆ ದಾಟಿರುವ ಕಾರ್ಯಕ್ರಮಕ್ಕೆ ಹೋಗಿ, ವಂದನಾರ್ಪಣೆಯ ತನಕ ಕೂತು, ಯಾರೋ ಒಬ್ಬರು ನಿಜವಾಗಿಯೂ ಆಡಿದ ಒಂದು ಮಾತನ್ನು ಹಿಡಿದುಕೊಂಡು ಎಸ್‌ಟಿಡಿ ಬೂತಿಗೆ ಓಡುತ್ತಿದ್ದ. ಬೆಂಗಳೂರಿನಲ್ಲಿ ಪುಟ ಕಟ್ಟುವ ಡೆಸ್ಕಿನವರಿಗೆ ಫೋನ್ ಮಾಡಿ ಆ ಒಂದು ಸಾಲನ್ನು ಹೇಳಿ ಬರೆಸುತ್ತಿದ್ದ.

“ಯಾಕೋ ಈ ಕಷ್ಟ?” ಅಂತ ಕೇಳಿದ್ದೆ. ಆಗಲೇ ಅವನು ಆ ಮಾತು ಹೇಳಿದ್ದು. ಒಂದು ಸಾಲಾದರೂ ಅಂದನೋ, ಒಂದು ಸಾಲು ಸಾಕು ಅಂದನೋ.

ದೇವರಾಯಸಮುದ್ರದ ಕೆರೆ ಹೂಳೆತ್ತುವ ಕೆಲಸಕ್ಕೆ ಉದ್ಘಾಟನೆ ಇತ್ತು. ತೊಂಬತ್ತಾರು ಇರಬೇಕು. ಮುಖ್ಯ ಅತಿಥಿಗಳ ಭಾಷಣವನ್ನು ನಾನೇ ಬರೆದಿದ್ದೆ, ಮೂರು ಪ್ಯಾರಾ, ಕೆರೆಗಳ ಮಹತ್ವದ ಬಗ್ಗೆ. ಕವರು ಹೋಯಿತು. ಅತಿಥಿಗಳು ಬರಲೇ ಇಲ್ಲ. ಸಂಕರ್ಷಣ ಆರೂವರೆವರೆಗೆ ಕೆರೆ ಏರಿಯ ಮೇಲೆ ಕಾದು, ಬೂತಿಗೆ ಬಂದು ಡೆಸ್ಕಿಗೆ ತನ್ನ ಸಾಲು ಹೇಳಿದ. ಡೆಸ್ಕಿನಲ್ಲಿದ್ದವರು ಯಾವ ಅವಸರದಲ್ಲಿದ್ದರೋ, ಹೇಳಿದ ಸಾಲನ್ನು ಹೇಳಿದ ಜಾಗಕ್ಕೆ ಸೇರಿಸಿ ಪುಟ ಮುಗಿಸಿದರು. ಮಾರನೆಯ ದಿನ ಪತ್ರಿಕೆಯಲ್ಲಿ ಹೀಗೆ ಬಂತು: “ಕೆರೆಗಳನ್ನು ಉಳಿಸಿಕೊಳ್ಳುವುದು ಪ್ರತಿಯೊಬ್ಬರ ಕರ್ತವ್ಯ ಎಂದು ಅವರು ಮನಮುಟ್ಟುವಂತೆ ಕರೆ ನೀಡಿದರು. ಅವರು ಸಮಾರಂಭಕ್ಕೆ ಬಂದಿರಲಿಲ್ಲ.”

ನಗಿ. ನಾವೂ ಒಂದು ವಾರ ನಕ್ಕಿದ್ದೇವೆ. ಅತಿಥಿಗಳು ಮಾತ್ರ ಆಫೀಸಿಗೇ ಬಂದರು. “ಏನ್ರೀ ಇದು, ನನ್ನ ಮರ್ಯಾದೆ ಏನಾಗ್ಬೇಕು?” ಅಂತ ಮೇಜು ಗುದ್ದಿದರು. ಸಂಕರ್ಷಣ ಎದ್ದು ನಿಂತು, ತುಂಬ ವಿನಯದಿಂದ — “ಸ್ವಾಮಿ, ಭಾಷಣ ಹೆಂಗಿತ್ತು? ಚೆನ್ನಾಗಿತ್ತಲ್ಲ?” ಅವರು ಒಂದು ಕ್ಷಣ ಯೋಚಿಸಿ, “ಭಾಷಣ ಏನೋ ಚೆನ್ನಾಗಿತ್ತು” ಅಂದರು. ಕಾಫಿ ಕುಡಿದು ಹೋದರು.

ಆಮೇಲೆ ಫ್ಯಾಕ್ಸು ಬಂತು. ಆಮೇಲೆ ಇಂಟರ್ನೆಟ್ಟು. ಎರಡು ಗಂಟೆಯ ಬಸ್ಸಿನ ಹಂಗು ತಪ್ಪಿತು. ಕಾರ್ಯಕ್ರಮ ಮುಗಿದ ಮೇಲೆ ಬರೆದರೂ ತಲುಪುತ್ತಿತ್ತು. ಇನ್ನು ಮೇಲೆ ಮುಂಚಿತವಾಗಿ ಬರೆಯುವ ಕೆಲಸ ಇರುವುದಿಲ್ಲ ಎಂದುಕೊಂಡಿದ್ದೆವು. ಹಾಗಾಗಲಿಲ್ಲ. ಅದಕ್ಕೇ ಒಂದು ಉದ್ಯೋಗ ಹುಟ್ಟಿಕೊಂಡಿತು.

ಎರಡು ಸಾವಿರದ ಆರರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ನಮ್ಮಿಬ್ಬರನ್ನೂ ಕೆಲಸಕ್ಕೆ ತೆಗೆದುಕೊಂಡಿತು. ಕಂಪನಿಗಳಿಗೆ, ಬಡಾವಣೆ ಮಾಡುವವರಿಗೆ, ಆಸ್ಪತ್ರೆಗಳಿಗೆ ಒಳ್ಳೆಯ ಹೆಸರು ಕಟ್ಟಿಕೊಡುವ ಸಂಸ್ಥೆ. ವಂಶಿಕೃಷ್ಣ ಅವರು ಮೊದಲ ದಿನವೇ ಹೇಳಿದರು, “ಸರ್, ಪೇಪರ್‌ನೋರ ಕಾಲು ಹಿಡಿಯೋ ಕಾಲ ಹೋಯ್ತು. ಈಗ ನಮ್ಮ ಪೇಪರ್ ನಾವೇ ಮಾಡ್ಕೊಳ್ಳೋದು.” ಜಿಲ್ಲೆಯ ಸುದ್ದಿಗೆ ಅಂತ ಒಂದು ವೆಬ್‌ಸೈಟು ಮಾಡಿದೆವು. ಮಾವಿನ ಧಾರಣೆ, ರೇಷ್ಮೆಗೂಡಿನ ಧಾರಣೆ, ಮೇಷ್ಟ್ರುಗಳ ವರ್ಗಾವಣೆ ಪಟ್ಟಿ, ಬಸ್ಸಿನ ವೇಳೆ — ಇವುಗಳ ಮಧ್ಯೆ, ಅದೇ ಅಕ್ಷರ ಅದೇ ಬಣ್ಣದಲ್ಲಿ, ನಮ್ಮ ಗಿರಾಕಿಗಳ ಸುದ್ದಿ. ಸೈಟು ಯಾರದು ಎಂದು ಎಲ್ಲೂ ಬರೆದಿರಲಿಲ್ಲ. ವಂಶಿಕೃಷ್ಣ ಅವರೇ, ಇದನ್ನು ದೂರಾಗಿ ಹೇಳುತ್ತಿಲ್ಲ. ಹೆಚ್ಚಿನದನ್ನು ಬರೆದವನು ನಾನೇ.

ಸುದ್ದಿಯ ಕೆಳಗೆ ಒಂದು ಚೌಕ ಇರುತ್ತಿತ್ತು, ಓದಿದವರು ಏನು ಬೇಕಾದರೂ ಬರೆಯಬಹುದು ಎಂದು. ಜನ ಬರೆದರು. ನಮ್ಮ ಜಿಲ್ಲೆಯ ಜನ ಇಷ್ಟು ಚೆನ್ನಾಗಿ ಬೈಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಗಿರಾಕಿಗಳ ವಿರುದ್ಧ ಬಂದದ್ದನ್ನು ಸಂಜೆಯೊಳಗೆ ಅಳಿಸಬೇಕು, ಅದು ಸಂಕರ್ಷಣನ ಕೆಲಸ. ಅಳಿಸುವ ಮುಂಚೆ ಗಟ್ಟಿಯಾಗಿ ಓದುತ್ತಿದ್ದ. “ಲೇ ಚನ್ನ, ಕೇಳಿಲ್ಲಿ. ‘ನಿಮ್ಮ ಆಸ್ಪತ್ರೆಗೆ ನಡ್ಕೊಂಡು ಹೋದೆ, ಆಟೋದಲ್ಲಿ ಬಂದೆ.’ ಹೆಂಗೆ ಬರ್ದಿದಾನೆ ನೋಡು, ನಮ್ಮಿಬ್ಬರಿಗೂ ಬರಲ್ಲ ಕಣೋ ಇಂಥದ್ದು.” ಆಮೇಲೆ ಬೆರಳೆತ್ತಿ, ಹೀಗೆ — ಒಂದು ಸಲ ಒತ್ತುತ್ತಿದ್ದ. “ಹೋಯ್ತು.” ದಿನಕ್ಕೆ ಹತ್ತು, ಹದಿನೈದು ಸಲ. ಹೋಯ್ತು. ಹೋಯ್ತು. ಮೊದಮೊದಲು ನಗುತ್ತಿದ್ದ.

ಈಗ ನಾನು ಹೇಳಬೇಕಾದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಹಾಕುತ್ತಿದ್ದೇನೆ ಎಂದು ನಿಮಗೂ ಅನ್ನಿಸಿರಬೇಕು.

ಎರಡು ಸಾವಿರದ ಎಂಟು, ಫೆಬ್ರವರಿ. ಟೇಕಲ್ ಹತ್ತಿರದ ಒಂದು ಊರಿನಲ್ಲಿ ಕಲ್ಲು ಕ್ವಾರಿ ಮತ್ತು ಕ್ರಷರ್ ಬರುವುದಿತ್ತು. ಅದಕ್ಕೆ ಮುಂಚೆ ಊರವರ ಅಹವಾಲು ಕೇಳುವ ಸಭೆ ನಡೆಯಬೇಕು, ಕಾನೂನು. ಸಭೆ ಮಧ್ಯಾಹ್ನ ಮೂರಕ್ಕೆ. ಕ್ವಾರಿಯ ಕಂಪನಿ ನಮ್ಮ ಗಿರಾಕಿ. ಹಿಂದಿನ ದಿನವೇ ನಾನು ವರದಿ ಬರೆದೆ. ಬಸ್ಸೇನೂ ಕಾಯುತ್ತಿರಲಿಲ್ಲ. ಆದರೂ ಬರೆದೆ. “ಗ್ರಾಮಸ್ಥರು ಒಮ್ಮತದಿಂದ ಯೋಜನೆಯನ್ನು ಸ್ವಾಗತಿಸಿದರು.” ಊರವರೊಬ್ಬರ ಮಾತು ಇದ್ದರೆ ಚೆನ್ನ ಅಂತ ಕ್ವಾರಿಯ ಪಕ್ಕದ ಜಮೀನಿನವರ ಹೆಸರನ್ನು ಪಟ್ಟಿಯಲ್ಲಿ ನೋಡಿ ಹಾಕಿದೆ. ಮುನಿಗಂಗಮ್ಮ. “ಸ್ಥಳೀಯರಿಗೆ ಉದ್ಯೋಗಾವಕಾಶ ಸೃಷ್ಟಿಯಾಗಲಿದ್ದು, ಇದು ನಮ್ಮ ಭಾಗ್ಯ ಎಂದು ರೈತ ಮಹಿಳೆ ಮುನಿಗಂಗಮ್ಮ ಸಂತಸ ಹಂಚಿಕೊಂಡರು.” ಅವರನ್ನು ನಾನು ನೋಡಿರಲಿಲ್ಲ. ಅವರ ಎರಡು ಎಕರೆಯಲ್ಲಿ ಹಿಪ್ಪುನೇರಳೆ ಇದೆ ಎಂಬುದೂ, ಸೊಪ್ಪಿನ ಮೇಲೆ ಕಲ್ಲಿನ ದೂಳು ಕೂತರೆ ರೇಷ್ಮೆಹುಳ ಮುಟ್ಟುವುದಿಲ್ಲ ಎಂಬುದೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಹೆಸರು ಹಾಕುತ್ತಿದ್ದೆನೇನೋ. ಅಷ್ಟೇ ಮಾಡುತ್ತಿದ್ದದ್ದು.

ಆ ವರದಿಯನ್ನು ಸೈಟಿನೊಳಗೆ ಇಟ್ಟು, ಸಂಜೆ ಐದಕ್ಕೆ ತಾನಾಗಿಯೇ ಕಾಣುವಂತೆ ಸಮಯ ಕೊಟ್ಟಿದ್ದೆವು. ಅದರ ಬೀಗದ ಕೈ, ಅಂದರೆ ಪಾಸ್‌ವರ್ಡು, ಸಂಕರ್ಷಣನ ಹತ್ತಿರ ಇತ್ತು.

ಅದು ಸಂಜೆ ಐದಕ್ಕೆ ಬರಲಿಲ್ಲ. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಬಂತು.

ಸಭೆ ಶುರುವಾಗಲು ಇನ್ನೂ ನಾಲ್ಕು ಗಂಟೆ ಇತ್ತು. ಆ ಊರಿನ ಆವಲಪ್ಪ ಮೇಷ್ಟ್ರು ತಮ್ಮ ವರ್ಗಾವಣೆ ಆಗಿದೆಯೋ ಇಲ್ಲವೋ ನೋಡಲು ಮಾಲೂರಿನ ಇಂಟರ್ನೆಟ್ ಸೆಂಟರಿಗೆ ಬಂದಿದ್ದರು. ವರ್ಗಾವಣೆ ಆಗಿರಲಿಲ್ಲ. ಊರಿನವರೆಲ್ಲ ಕ್ವಾರಿಗೆ ಒಪ್ಪಿಕೊಂಡಾಗಿತ್ತು. ಪ್ರಿಂಟು ತೆಗೆಸಿ, ನಲವತ್ತು ಜೆರಾಕ್ಸು ಮಾಡಿಸಿ, ಮುಂದಿನ ಬಸ್ಸಿಗೆ ಊರಿಗೆ ಹೋದರು. ಹೋಗುವ ಮುಂಚೆ ಕೆಳಗಿನ ಚೌಕದಲ್ಲಿ ಎರಡು ಸಾಲು ಬರೆದರು: “ಮೂರಕ್ಕೆ ಸಭೆ ಇದೆ, ಹೋಗ್ತಾ ಇದ್ದೀನಿ. ನಾನು ಏನು ಹೇಳಿದೆ ಅಂತ ಮೊದಲೇ ತಿಳಿಸಿದ್ದಕ್ಕೆ ವಂದನೆಗಳು.” ಅವತ್ತು ಅದನ್ನು ಯಾರೂ ಅಳಿಸಲಿಲ್ಲ.

ಸಭೆಗೆ ನಾನು ಹೋಗಿದ್ದೆ. ಅಪರೂಪಕ್ಕೆ. ವಂಶಿಕೃಷ್ಣ ಅವರ ಫೋನು ಬಂದ ಮೇಲೆ ಓಡಿದ್ದು. ಶಾಮಿಯಾನದ ಕಂಬದ ಹಿಂದೆ ನಿಂತಿದ್ದೆ. ಅಧಿಕಾರಿಗಳು ಬಂದು ಕೂತರು. ಮೊದಲು ಎದ್ದವರು ಮುನಿಗಂಗಮ್ಮ. ಮೈಕು ಕೈಗೆ ತಗೊಂಡು — ಅಮ್ಮಾ, ತಪ್ಪಿದರೆ ಹೇಳಿ — “ನಾನು ಆಗ್ಲೇ ಮಾತಾಡಿ ಮುಗಿಸಿದ್ದೀನಂತೆ. ಓದಪ್ಪ ಮೇಷ್ಟ್ರೇ, ಏನ್ ಮಾತಾಡಿದ್ದೀನೋ ನಾನೂ ಕೇಳ್ತೀನಿ” ಅಂದರು.

ಆವಲಪ್ಪ ಮೇಷ್ಟ್ರು ಕ್ಲಾಸಿನಲ್ಲಿ ಪಾಠ ಓದುವ ಹಾಗೆ ಓದಿದರು. “ಸ್ಥಳೀಯರಿಗೆ ಉದ್ಯೋಗಾವಕಾಶ ಸೃಷ್ಟಿಯಾಗಲಿದ್ದು —”

“ನಿಲ್ಸು ನಿಲ್ಸು. ಸೃಷ್ಟಿಯಾಗಲಿದ್ದು ಅಂದ್ನಾ ನಾನು? ನಮ್ಮಪ್ಪನಾಣೆ, ಅದು ನನ್ನ ನಾಲಿಗೇಲಿ ಹೊರಳಲ್ಲ. ಎವುರಯ್ಯಾ ರಾಸಿಂದಿ ಇದಿ? ಬರ್ದೋನು ಯಾವನು, ಇಲ್ಲೇ ಇದಾನಾ?”

ಇಡೀ ಶಾಮಿಯಾನ ನಕ್ಕಿತು. ಅಧಿಕಾರಿಗಳೂ ಕರವಸ್ತ್ರ ಬಾಯಿಗೆ ಹಿಡಿದರು. ನಾನು ಕಂಬದ ಹಿಂದೆ ಇದ್ದೆ. ಇದ್ದೇನೆ ಅನ್ನಲಿಲ್ಲ. ಸಭೆಯನ್ನು ಮುಂದೂಡಿದರು.

ಸಂಕರ್ಷಣ ಮುಂದುಗಡೆ ಜಮಖಾನೆಯ ಮೇಲೆ ಕಾಲು ಮಡಿಸಿ ಕೂತು ನೋಟ್‌ಪ್ಯಾಡಿನಲ್ಲಿ ಬರೆದುಕೊಳ್ಳುತ್ತಿದ್ದ. ಜನ ಚದುರಿದ ಮೇಲೆ ನನ್ನ ಹತ್ತಿರ ಬಂದ. ಮುಖದಲ್ಲಿ ಹಳೆಯ ಕಳೆ ಇತ್ತು, ಬೂತಿಗೆ ಓಡುತ್ತಿದ್ದ ದಿನಗಳದು. “ಲೇ ಚನ್ನ, ಸಾಲು ಸಿಕ್ತು ಕಣೋ” ಅಂದ. ಆಮೇಲೆ ಕೇಳಿದ, “ಯಾರಿಗೆ ಫೋನ್ ಮಾಡ್ಲಿ?”

ಮೂರನೆಯ ದಿನ ಕಂಪನಿಯ ವಕೀಲರ ನೋಟಿಸು ಬಂತು. ಬೇಕೆಂದೇ ಮಾಡಿದ್ದಾದರೆ ಮೊಕದ್ದಮೆ. ಕೈತಪ್ಪಿ ಆದದ್ದಾದರೆ ಕ್ಷಮಾಪಣೆ ಪತ್ರ. ಎರಡೇ ದಾರಿ. ಸಂಕರ್ಷಣ, “ಕೈತಪ್ಪಿತು” ಅಂದ. ಅವನ ಕ್ಷಮಾಪಣೆ ಪತ್ರವನ್ನು ಬರೆಯುವ ಕೆಲಸ ನನಗೇ ಬಂತು. ಅಂಥದ್ದನ್ನು ನಾನು ಚೆನ್ನಾಗಿ ಬರೆಯುತ್ತಿದ್ದೆ. “ನನ್ನ ಅಜಾಗರೂಕತೆಯಿಂದ” ಎಂದು ಶುರುವಾಗುತ್ತದೆ. “ಇನ್ನು ಮುಂದೆ ಅಂತರ್ಜಾಲದಲ್ಲಿ ನನ್ನ ಹೆಸರಿನಲ್ಲಾಗಲಿ ಬೇರೆ ಹೆಸರಿನಲ್ಲಾಗಲಿ ಏನನ್ನೂ ಬರೆಯುವುದಿಲ್ಲ” ಎಂದು ಮುಗಿಯುತ್ತದೆ. ಕೊನೆಯ ಸಾಲನ್ನು ವಕೀಲರು ಕೇಳಿದ್ದು, ವಾಕ್ಯ ಕಟ್ಟಿದ್ದು ನಾನು. ಅವನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, “ಚೆನ್ನಾಗಿ ಬರ್ದಿದೀಯ” ಎಂದು ಸಹಿ ಹಾಕಿದ. ಆ ಪತ್ರ ನಮ್ಮ ಸೈಟಿನಲ್ಲಿ ಇವತ್ತಿಗೂ ಇದೆ. ಅವನ ಹೆಸರು ಹಾಕಿ ಹುಡುಕಿದರೆ ಮೊದಲು ಬರುವುದು ಅದೇ.

ಏಪ್ರಿಲ್‌ನಲ್ಲಿ ಸಭೆ ಮತ್ತೆ ನಡೆಯಿತು, ಊರಿನಲ್ಲಲ್ಲ, ಮಾಲೂರಿನಲ್ಲಿ, ಕೆಲಸದ ದಿನ ಬೆಳಿಗ್ಗೆ ಹತ್ತಕ್ಕೆ. ಊರಿನಿಂದ ಬಂದವರು ಹನ್ನೊಂದು ಜನ. ಹಳೆಯ ವರದಿಯನ್ನೇ ಹಾಕಿದೆವು, ಮುನಿಗಂಗಮ್ಮನವರ ಸಾಲು ತೆಗೆದು. ಈ ಸಲ ಸಭೆ ಮುಗಿದ ಮೇಲೆ ಹಾಕಿದೆವು. ಬೇರೆ ವ್ಯತ್ಯಾಸ ಇರಲಿಲ್ಲ. ಕ್ರಷರ್ ಈಗ ನಡೆಯುತ್ತಿದೆ.

ಸಂಸ್ಥೆಯಿಂದ ಹೊರಬಿದ್ದ ಮೇಲೆ ಸಂಕರ್ಷಣ ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಎದುರು ಒಂದು ಕಂಪ್ಯೂಟರ್ ಇಟ್ಟುಕೊಂಡು ಬೇರೆಯವರ ಅರ್ಜಿಗಳನ್ನು ಟೈಪು ಮಾಡಿಕೊಡುತ್ತಿದ್ದ. ಒಂದೂವರೆ ವರ್ಷ. ನಾನು ಎರಡು ಸಲ ಹೋಗಿದ್ದೆ. ಪಹಣಿ ತಿದ್ದುಪಡಿಗೆ ಬಂದ ಒಬ್ಬ ಮುದುಕರನ್ನು ಅವನು ಕೇಳುತ್ತಿದ್ದ: “ನೀವು ಹಿಂಗೇ ಅಂದ್ರಾ ತಾತ, ಇಲ್ಲ ನಾನೇ ಸೇರಿಸ್ತಾ ಇದೀನಾ? ಸರಿಯಾಗಿ ಹೇಳಿ.” ಮುದುಕರಿಗೆ ಬಸ್ಸಿಗೆ ಹೊತ್ತಾಗಿತ್ತು. “ಏದೋ ಒಕಟಿ ರಾಯಿ ನಾಯನಾ” ಅಂದರು, ಏನೋ ಒಂದು ಬರಿ ಮಗನೇ ಅಂತ. ಇವನು ಬಿಡಲಿಲ್ಲ.

ಇವತ್ತು ಸಭೆ ಶುರುವಾಗುವ ಮುಂಚೆ ವಿಭಾ ಅವರು ನನ್ನನ್ನು ಪಕ್ಕಕ್ಕೆ ಕರೆದರು. ಕೇಳಿದ್ದನ್ನು ಎಲ್ಲರ ಮುಂದೆ ಹೇಳಬಹುದೇ ಎಂದೆ, ಹೇಳಿ ಎಂದರು. “ಚನ್ನರಾಯಪ್ಪನವರೇ, ಹಾಲಿಗೆ ಹೆಪ್ಪು ಹಾಕಿದ್ಯಾ ಅಂತ ಎರಡು ಸಲ ಎದ್ದು ಹೋಗಿ ನೋಡ್ತಿದ್ದ ಮನುಷ್ಯ ಇವರು. ಇವರ ಕೈ ತಪ್ಪುತ್ತಾ? ನೆಂಟರೆಲ್ಲ ಅಜಾಗರೂಕತೆ ಅಜಾಗರೂಕತೆ ಅಂತಾರೆ. ಆ ಪತ್ರ ಓದಿದೋರೆಲ್ಲ ಅದನ್ನೇ ಅಂತಾರೆ. ನಿಮಗೆ ಗೊತ್ತಿರುತ್ತೆ. ಹೇಳಿ.”

ಬಾಗಿಲಲ್ಲಿ ಮುನಿಗಂಗಮ್ಮನವರು ಸಿಕ್ಕರು. ಅವರು ಕೇಳಲಿಲ್ಲ. “ಆ ಅಯ್ಯ ಬೇಕಂತ್ಲೇ ಹಾಕಿದ್ದು. ನಂಗೊತ್ತು” ಅಂದರು.

ನಾನು ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿ ಇದೆ. ಕ್ವಾರಿಯ ಆ ಮೊದಲ ಸಭೆಯ ದಿನ ಬೆಳಿಗ್ಗೆ ಹತ್ತೂವರೆಗೆ ಸಂಕರ್ಷಣ ನನಗೆ ಫೋನ್ ಮಾಡಿದ್ದ.

“ಚನ್ನ, ಮುನಿಗಂಗಮ್ಮ ಅನ್ನೋರನ್ನ ಕೇಳಿದ್ಯೇನೋ?”

“ಏನ್ ಕೇಳೋದು?”

“ಆಯಮ್ಮನ ಬಾಯಲ್ಲಿ ಇಷ್ಟು ಹಾಕಿದೀಯಲ್ಲ, ಅದನ್ನ.”

“ಸಭೇಲಿ ಯಾರಾದ್ರೂ ಒಬ್ರು ಹಂಗಂತಾರೆ ಕಣೋ. ಅವರ ಹೆಸರು ಆಮೇಲೆ ಹಾಕಿದ್ರಾಯ್ತು.”

“ಇದ್ರಲ್ಲಿ ನಿಜ ಯಾವ ಸಾಲು?”

“ಊರ ಹೆಸರು” ಅಂದೆ. ನಗಲಿ ಅಂತ ಹೇಳಿದ್ದು. ಅವನು ನಗಲಿಲ್ಲ. “ಸರಿ ಕಣೋ” ಎಂದು ಫೋನ್ ಇಟ್ಟ.

ನಲವತ್ತು ನಿಮಿಷದ ನಂತರ ವರದಿ ಎಲ್ಲರಿಗೂ ಕಾಣಿಸಿತು.

ಇದನ್ನು ಆಗಲೇ ಹೇಳಿದ್ದರೆ ಅವನ ಮೇಲೆ ಮೊಕದ್ದಮೆ ಆಗುತ್ತಿತ್ತು, ಅವನನ್ನು ಉಳಿಸಲು ಸುಮ್ಮನಿದ್ದೆ — ಹೀಗೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ಹೇಳಿದ್ದರೆ ಆ ಮಾತುಗಳನ್ನು ಆ ತಾಯಿಯ ಬಾಯಿಗೆ ತುರುಕಿದವನು ಯಾರು ಎಂದೂ ಗೊತ್ತಾಗುತ್ತಿತ್ತು. ಇದೂ ಸುಳ್ಳಲ್ಲ. ಶ್ರೀನಿವಾಸಪುರದಲ್ಲಿ ಆ ಎರಡು ಸಲ ಅವನ ಎದುರಿಗೆ ಕೂತಾಗಲೂ ಕೇಳಲಿಲ್ಲ. ಬೇಕೆಂದೇ ಮಾಡಿದೆ ಎಂದು ಅವನು ಹೇಳಿಬಿಟ್ಟರೆ ಆಮೇಲೆ ನಾನು ಏನಾದರೂ ಮಾಡಬೇಕಾಗುತ್ತಿತ್ತು.

ಅಮ್ಮಾ, ಬರೆದೋನು ಯಾವನು ಅಂತ ಅವತ್ತು ಕೇಳಿದಿರಿ. ನಾನು. ಇಲ್ಲೇ ಇದ್ದೇನೆ.

ವಿಭಾ ಅವರೇ, ಅವನ ಕೈ ತಪ್ಪಲಿಲ್ಲ ಎಂದು ನಾನು ನಂಬಿದ್ದೇನೆ. ನಂಬಿದ್ದೇನೆ ಎಂದಷ್ಟೇ ಹೇಳಬಲ್ಲೆ. ಅವನ ಬಾಯಲ್ಲಿ ಇನ್ನೊಂದು ಸಾಲು ನಾನು ಹಾಕಬಾರದು. ಅಜಾಗರೂಕತೆ ಎಂಬ ಮಾತು ಮಾತ್ರ ಅವನದಲ್ಲ. ಅದು ನನ್ನ ಅಕ್ಷರ.

ವಂಶಿಕೃಷ್ಣ ಅವರು ಫೋನ್ ನೋಡುತ್ತಿದ್ದಾರೆ. ಇರಲಿ. ಈ ಕುರ್ಚಿ, ಈ ಮೈಕು ಸಂಸ್ಥೆಯವೇ. ಸೋಮವಾರ ನಾನು ಆಫೀಸಿಗೆ ಹೋಗಬೇಕು. ಹೋಗುತ್ತೇನೋ, ಬರಬೇಡಿ ಅನ್ನುತ್ತಾರೋ. ಹೋಗುವುದೇ ಹೆಚ್ಚು ಸಂಭವ ಎಂದು ನನ್ನ ಬಗ್ಗೆ ನನಗೆ ಗೊತ್ತಿರುವಷ್ಟರಿಂದ ಹೇಳುತ್ತೇನೆ.

ಇನ್ನು ಒಂದೇ ಮಾತು. ಈ ಸಭೆಯ ವರದಿ ಬೆಳಿಗ್ಗೆಯೇ ಬರೆದಾಗಿದೆ. ನಾನೇ ಬರೆದದ್ದು. ಹನ್ನೊಂದು ಗಂಟೆಯಿಂದ ಸೈಟಿನಲ್ಲಿದೆ, ಬೇಕಾದವರು ನೋಡಬಹುದು. “ಚನ್ನರಾಯಪ್ಪ ಮಾತನಾಡಿ, ಸಂಕರ್ಷಣ ಸರಳ ಸಜ್ಜನಿಕೆಯ ವ್ಯಕ್ತಿಯಾಗಿದ್ದರು ಎಂದು ಬಣ್ಣಿಸಿದರು” ಎಂದಿದೆ. ಅದನ್ನು ನಾನು ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. “ಗಣ್ಯರು ಕಂಬನಿ ಮಿಡಿದರು” ಎಂದಿದೆ. ಅದು ನಿಮಗೆ ಬಿಟ್ಟದ್ದು. ಕೊನೆಯಲ್ಲಿ, “ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು” ಎಂದಿದೆ.

ಅದು ಇನ್ನೂ ನಡೆದಿಲ್ಲ. ಫೋನ್ ಮಾಡಿ ತಿದ್ದಿಸಲು ಡೆಸ್ಕಿನಲ್ಲಿ ಈಗ ಯಾರೂ ಇಲ್ಲ. ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ — ದಯವಿಟ್ಟು ಎದ್ದು ನಿಲ್ಲಿ. ಆ ಒಂದು ಸಾಲನ್ನಾದರೂ ನಾವು ನಿಜ ಮಾಡೋಣ. ಪೂರ್ತಿ ಎರಡು ನಿಮಿಷ. ನಾನು ಗಡಿಯಾರ ನೋಡುತ್ತೇನೆ.

ಸಂಕರ್ಷಣ — ಒಂದು ಸಾಲು ಸಾಕೇನೋ?